ಬೆನ್ನಿಗೆ ಸೂಜಿಯೋ, ಪೂರ್ತಿ ನಿದ್ರೆಯೋ

ಕಂಡಕ್ಟರ್ ಕಾಕಾನ ಎಡ ಮೊಣಕಾಲಿನ ಕೀಲು ಬದಲಿಸಿದ್ದು ಸೋಮವಾರ. ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಅವರು ತೀರಿಕೊಂಡರು. ಅವರಿಗೆ ಅರಿವಳಿಕೆ ಕೊಟ್ಟವಳು ನಾನು.

ತೊಂಬತ್ತರ ದಶಕ ಕಳೆದು ಎರಡು ಸಾವಿರ ಹಿಡಿದ ಕಾಲ ಅದು. ನಾನು ಸಿಂದಗಿಯಲ್ಲಿ ಮನೆ ಮಾಡಿಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಣ್ಣ ಆಸ್ಪತ್ರೆಗಳಿಗೆಲ್ಲ ಅರಿವಳಿಕೆ ಕೊಡಲು ಓಡಾಡುತ್ತಿದ್ದೆ. ಆ ಆಸ್ಪತ್ರೆಗಳಲ್ಲಿ ಕೊಯ್ಯುವ ಡಾಕ್ಟರುಗಳು ಇದ್ದರು, ಮಲಗಿಸುವವರು ಇರಲಿಲ್ಲ. ಒಂದು ಚೀಲದಲ್ಲಿ ನನ್ನ ಉಸಿರುನಳಿಕೆಗಳು, ಬೆನ್ನಿಗೆ ಹಾಕುವ ಸೂಜಿಗಳು, ಔಷಧಿ ಬಾಟಲಿಗಳು. ಇನ್ನೊಂದರಲ್ಲಿ ರೊಟ್ಟಿ ಡಬ್ಬಿ. ಹೀಗೆ ಹೊತ್ತುಕೊಂಡು ಬಸ್ಸು ಹತ್ತುತ್ತಿದ್ದೆ. ಸಿಂದಗಿಯಿಂದ ಇಂಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕಾಕಾ ಎಷ್ಟೇ ಗದ್ದಲವಿದ್ದರೂ ನನಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದರು.

"ಸರೀರಿ ಸರೀರಿ, ಈ ಡಾಕ್ಟರ್ ಬಾಯಾರು ಇಂಡಿ ಮುಟ್ಟಲಿಲ್ಲಂದ್ರ ಅಲ್ಲಿ ಯಾರದೋ ಆಪರೇಷನ್ ನಿಂದರತೈತಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಕೂರುತ್ತಿದ್ದೆ.

ಆ ಬಸ್ಸಿನ ಡ್ರೈವರ್ ಕೂಡ ಅವರ ವಯಸ್ಸಿನವರೇ. ಇಬ್ಬರೂ ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದು ಒಂದೇ ವರ್ಷ ನಿವೃತ್ತರಾದವರು. ಇಬ್ಬರ ಮೊಣಕಾಲೂ ಹೋಗಿದ್ದವು. ಕಂಡಕ್ಟರದು ನಿಂತು ನಿಂತು ಸವೆದದ್ದು, ಡ್ರೈವರದು ಬ್ರೇಕು ತುಳಿದು ತುಳಿದು ಎಂದು ತಮ್ಮತಮ್ಮಲ್ಲೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ಇಂಡಿಯಲ್ಲಿ ಹನ್ನೆರಡು ಹಾಸಿಗೆಯ ಆಸ್ಪತ್ರೆ ಇಟ್ಟಿದ್ದ ಮೂಳೆ ಸರ್ಜನ್ ಆ ವರ್ಷ ಪುಣೆಗೆ ಹೋಗಿ ಕೀಲು ಬದಲಿಸುವ ತರಬೇತಿ ಪಡೆದು ಬಂದಿದ್ದರು. ಬಿಜಾಪುರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯರ ಜೊತೆ ನಿಂತು ಹಲವು ಮಾಡಿದ್ದರು. ಈಗ ತಮ್ಮಲ್ಲೇ ಮಾಡಬೇಕೆಂದು ಆಪರೇಷನ್ ಕೋಣೆಯ ಕಿಟಕಿಗಳನ್ನು ಗಾರೆ ಹಾಕಿ ಮುಚ್ಚಿಸಿದರು, ನೆಲಕ್ಕೆ ಹೊಸ ಫರಸಿ ಕಲ್ಲು ಹಾಕಿಸಿದರು, ಎಸಿ ಕೂರಿಸಿದರು. ಮೊದಲ ಹೆಸರು ಕಂಡಕ್ಟರದು, ಮುಂದಿನ ತಿಂಗಳು ಡ್ರೈವರದು.

ಶನಿವಾರ ನಾನು ಕಂಡಕ್ಟರನ್ನು ಪರೀಕ್ಷೆ ಮಾಡಿದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಸಿಳ್ಳೆ ಹೊಡೆದ ಹಾಗೆ ಸದ್ದು.

"ಬೀಡಿ ಬಿಟ್ಟು ಎಷ್ಟ ದಿನ ಆತ್ರಿ ಕಾಕಾ?"

"ನಿನ್ನಿನೇ ಬಿಟ್ಟೇನ್ರಿ ಬಾಯಾರ" ಎಂದು ನಕ್ಕರು.

ಎರಡು ದಾರಿ ಇವೆ ಎಂದು ಅವರಿಗೆ ವಿವರಿಸಿದೆ. ಒಂದು, ಪೂರ್ತಿ ನಿದ್ರೆ. ಗಂಟಲಿಗೆ ನಳಿಕೆ ಇಳಿಸಿ ಯಂತ್ರದಿಂದ ಉಸಿರಾಡಿಸುವುದು. ಇನ್ನೊಂದು, ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸುವುದು. ಅದೇ ಜಾಗದಲ್ಲಿ ದಾರದಷ್ಟು ತೆಳುವಾದ ನಳಿಕೆಯೊಂದನ್ನು ಬಿಟ್ಟು ಎರಡು ದಿನ ನೋವಿನ ಔಷಧಿ ಹರಿಸುವುದು. ಇದಕ್ಕೆ ಎಪಿಡ್ಯೂರಲ್ ಎನ್ನುತ್ತೇವೆ. ಬೀಡಿ ಸೇದಿದ ಎದೆಗೆ ಎರಡನೆಯದೇ ಒಳ್ಳೆಯದು ಎಂದೆ. "ನೀವು ಹೆಂಗಂತೀರಿ ಹಂಗ" ಎಂದು ಒಪ್ಪಿದರು.

ಸೋಮವಾರ ಬೆಳಗ್ಗೆ ಟೇಬಲ್ ಮೇಲೆ ಕೂರಿಸಿ ಬೆನ್ನು ಬಾಗಿಸಿ ಎಂದಾಗ ಅವರು ಬಾಗಲಿಲ್ಲ.

"ಬ್ಯಾಡ್ರಿ ಬಾಯಾರ. ಬೆನ್ನಿಗೆ ಸೂಜಿ ಬ್ಯಾಡ. ಪೂರಾ ಮಲಗಿಸಿಬಿಡ್ರಿ."

"ಯಾಕ್ರಿ ಕಾಕಾ? ಮೊನ್ನಿ ಹೂಂ ಅಂದಿದ್ರಲ್ಲಾ?"

"ಬ್ಯಾಡ ಅಂದ್ರ ಬ್ಯಾಡ್ರಿ."

ಅಷ್ಟು ಮೆದು ಮಾತಿನ ಮನುಷ್ಯ ಅಷ್ಟು ಗಟ್ಟಿಯಾಗಿ ಹೇಳಿದ್ದು ನನಗೆ ಹೊಸದು. ಸರ್ಜನ್ ಕೈ ತೊಳೆದು ನಿಂತಿದ್ದರು. "ಮೇಡಂ, ಅವರೇ ಬ್ಯಾಡ ಅನ್ನಾಕತ್ತಾರ. ಮಲಗಿಸಿಬಿಡ್ರಿ. ಇಲ್ಲಿ ನಂದೂ ಮೊದಲನೇ ಕೇಸು, ಎಲುಬು ಕೊಯ್ಯುವಾಗ ಅಳ್ಳಾಡಿದ್ರ ಕಷ್ಟ" ಎಂದರು. ಸಹಾಯಕ್ಕೆ ಬಂದಿದ್ದ ಬಿಜಾಪುರದ ಸರ್ಜನ್ ಮಧ್ಯಾಹ್ನ ವಾಪಸು ಹೋಗಬೇಕಿತ್ತು. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, ಯಾಕೆ ಹೆದರಿದಿರಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಔಷಧಿ ಎಳೆದುಕೊಂಡೆ, ಅವರು ಮಲಗಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ತೊಡೆಗೆ ಬಿಗಿದ ಪಟ್ಟಿಯಿಂದ ರಕ್ತ ನಿಂತಿತ್ತು. ಸವೆದ ಎಲುಬಿನ ತುದಿಗಳನ್ನು ಕೊಯ್ದರು, ಲೋಹದ ಕೀಲು ಇಟ್ಟರು, ಸಿಮೆಂಟು ಹಾಕಿ ಬಲಿಯುವವರೆಗೆ ಒತ್ತಿ ಹಿಡಿದರು. ಎರಡು ಗಂಟೆಯ ಮೇಲೆ ಸ್ವಲ್ಪ. ನಳಿಕೆ ತೆಗೆದಾಗ ವಿಪರೀತ ಕೆಮ್ಮಿದರು, ಕಫ ಬಂತು, ಬಣ್ಣ ಸರಿಹೋಯಿತು. ಸರ್ಜನ್ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬಂದವರಿಗೆಲ್ಲ ತೋರಿಸಿದರು. ನಾನೂ ಅದರ ಮುಂದೆ ನಿಂತು ಸಂತೋಷಪಟ್ಟೆ.

ಮಂಗಳವಾರ ನಾನು ಮುದ್ದೇಬಿಹಾಳದಲ್ಲಿದ್ದೆ, ಬುಧವಾರ ಬಾಗೇವಾಡಿಯಲ್ಲಿ. ಇಂಡಿಗೆ ಫೋನು ಮಾಡಿದಾಗ ಸಿಸ್ಟರ್ ಹೇಳಿದ್ದು ಇಷ್ಟು: ನೋವು ಬಹಳ ಐತಿ, ಇಂಜೆಕ್ಷನ್ ಕೊಟ್ಟರೆ ಮಂಪರಿನಲ್ಲಿರತಾರೆ, ಇಳಿದರೆ ಒದರತಾರೆ. ಕೆಮ್ಮಲು ಹೇಳಿದರೆ ಕಾಲು ನಡುಗಿ ನೋವಾಗುತ್ತದೆಂದು ಕೆಮ್ಮುವುದಿಲ್ಲ. ಜ್ವರ ಬಂದಿದೆ. ಎಬ್ಬಿಸಿ ನಿಲ್ಲಿಸಲು ನೋಡಿದರು, ಆಗಲಿಲ್ಲ.

ಗುರುವಾರ ನಾನು ಹೋಗಿ ನೋಡಿದೆ. ಎದೆಯ ಕೆಳಭಾಗದಲ್ಲಿ ಗಾಳಿಯಾಡುವ ಸದ್ದೇ ಇರಲಿಲ್ಲ. ಎಡಗಾಲಿನ ಮೀನಖಂಡ ಊದಿತ್ತು. ಒತ್ತಿದೆ. "ಸ್ವಲ್ಪ ನೋಯ್ತೈತ್ರಿ" ಎಂದರು. ಹೊರಗೆ ಬಂದು ಸರ್ಜನ್ ಹತ್ತಿರ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದೇ, ರಕ್ತ ತೆಳು ಮಾಡುವ ಹೆಪಾರಿನ್ ಇಂಜೆಕ್ಷನ್ ಶುರು ಮಾಡೋಣವೇ ಎಂದು ಕೇಳಿದೆ.

"ಹೊಸ ಕೀಲಿನಾಗ ರಕ್ತ ತುಂಬಿಕೊಂಡ್ರ ಕೀಲು ಹೋಗತೈತ್ರಿ ಮೇಡಂ. ಆಪರೇಷನ್ ಆದ ಕಾಲು ಊದೂದು ಇದ್ದದ್ದ. ಹೆಪ್ಪುಗಟ್ಟೂದೆಲ್ಲಾ ವಿಲಾಯತಿ ಮಂದಿ ರೋಗ. ನಮ್ಮವರಿಗೆ ಎಲ್ಲಿ ನೋಡೀರಿ?"

ಆಗ ಬಹಳ ಮಂದಿ ಹಾಗೇ ನಂಬಿದ್ದರು. ನಾನೂ ನೋಡಿರಲಿಲ್ಲ. ನಾಳೆ ನೋಡೋಣ ಎಂದೆ.

ಶುಕ್ರವಾರ ಬೆಳಗ್ಗೆ ಅದೇ ಆಸ್ಪತ್ರೆಯಲ್ಲಿ ನನಗೆ ಬೇರೊಂದು ಕೆಲಸವಿತ್ತು. ಕಾರಿಡಾರಿನಲ್ಲಿ ಚಪ್ಪಲಿ ಬಿಚ್ಚುತ್ತಿದ್ದೆ. ಕಂಡಕ್ಟರನ್ನು ಇಬ್ಬರು ಹಿಡಿದು ನಿಲ್ಲಿಸಿದ್ದು ಬಾಗಿಲೊಳಗಿಂದ ಕಾಣುತ್ತಿತ್ತು. ನನ್ನನ್ನು ನೋಡಿ ಕೈ ಎತ್ತಿದರು. ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ನಿಂತು, ಏನೋ ಮರೆತವರ ಹಾಗೆ ಸುತ್ತ ನೋಡಿ, "ಉಸುರು…" ಎಂದವರು ಹಾಗೇ ಕುಸಿದರು.

ನಾನು ಓಡಿದೆ. ಮುಖ ನೀಲಿಯಾಗಿತ್ತು. ಕತ್ತಿನ ಸಿರೆಗಳು ಹಗ್ಗದ ಹಾಗೆ ಉಬ್ಬಿದ್ದವು. ನೆಲದ ಮೇಲೇ ನಳಿಕೆ ಹಾಕಿದೆ, ಆಮ್ಲಜನಕ ಕೊಟ್ಟೆ. ಸರ್ಜನ್ ಎದೆ ಒತ್ತಿದರು. ಗಾಳಿ ಒಳಗೆ ಹೋಗುತ್ತಿತ್ತು, ಎದೆ ಏರುತ್ತಿತ್ತು, ಬಣ್ಣ ಮಾತ್ರ ಬದಲಾಗಲಿಲ್ಲ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಪುಪ್ಪುಸದ ರಕ್ತನಾಳವನ್ನು ಮುಚ್ಚಿಬಿಟ್ಟರೆ ಹೀಗಾಗುತ್ತದೆ ಎಂದು ಓದಿದ್ದೆ. ನಲವತ್ತು ನಿಮಿಷ ಮಾಡಿದೆವು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ನಾವು ಕೈ ಬಿಟ್ಟಾಗ, "ಇನ್ನೊಂದ ಸಲ ನೋಡ್ರಿ" ಎಂದರು. ನಾನು ಇನ್ನೊಂದು ಸಲ ನಾಡಿ ಹಿಡಿದು ನೋಡಿದೆ. ಏನೂ ಇರಲಿಲ್ಲ ಎಂದು ಗೊತ್ತಿದ್ದೂ ನೋಡಿದೆ.

ಡ್ರೈವರ್ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಗೆಳೆಯ ನಡೆಯುವುದನ್ನು ನೋಡಲೆಂದೇ ಬೆಳಗಿನ ಬಸ್ಸಿಗೆ ಬಂದಿದ್ದರು. ಯಾರೂ ಅವರಿಗೆ ಹೇಳಬೇಕಾಗಲಿಲ್ಲ.

ಅವತ್ತು ಸಿಂದಗಿಗೆ ಹೇಗೆ ಬಂದೆನೋ ನೆನಪಿಲ್ಲ. ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತದ್ದಷ್ಟೇ ನೆನಪು. ಎರಡು ದಿನ ಕೈಗೆ ಏನೂ ಹತ್ತಲಿಲ್ಲ. ಮಾತಾಡುತ್ತಿದ್ದ ಮನುಷ್ಯ, ಕೈ ಎತ್ತಿದ ಮನುಷ್ಯ, ಮೂರು ಹೆಜ್ಜೆಗೆ ಇಲ್ಲವಾದರು ಎಂಬುದು ತಲೆಗೆ ಹೋಗುತ್ತಿರಲಿಲ್ಲ. ಮೂರನೆಯ ದಿನ ಪುಸ್ತಕ ತೆಗೆದೆ. ಅದರಲ್ಲಿ ಎಲ್ಲ ಇತ್ತು. ಓದಿ ಪಾಸಾದ ಪುಟಗಳೇ. ಮೊಣಕಾಲಿನ ಕೀಲು ಬದಲಿಸಿದವರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವುದು ಸಾಮಾನ್ಯ, ಪೂರ್ತಿ ನಿದ್ರೆ ಕೊಟ್ಟವರಿಗಿಂತ ಬೆನ್ನಿಗೆ ಕೊಟ್ಟವರಲ್ಲಿ ಅದು ಕಡಿಮೆ, ಎದೆಯ ತೊಂದರೆಯೂ ಕಡಿಮೆ.

ಎಸ್‌ಟಿಡಿ ಬೂತಿಗೆ ಹೋಗಿ, ನನಗೆ ಅರಿವಳಿಕೆ ಕಲಿಸಿದ ಗುರುಗಳಿಗೆ ಫೋನು ಮಾಡಿದೆ. ಹುಬ್ಬಳ್ಳಿಯಲ್ಲಿದ್ದರು. ಎಲ್ಲ ಹೇಳಿ, "ಸರ್, ಬೆನ್ನಿಗೆ ಕೊಟ್ಟಿದ್ರ ಉಳೀತಿದ್ರೇನು?" ಎಂದು ಕೇಳಿದೆ.

"ನನಗ ಗೊತ್ತಿಲ್ಲವ್ವಾ. ಬೆನ್ನಿಗೆ ಕೊಟ್ಟವರೂ ಹಿಂಗ ಹೋಗಿದ್ದು ನಾ ನೋಡೇನಿ. ಆದರ ನೀ ಲೆಕ್ಕಾ ತಪ್ಪಿದ್ದು ಎಲ್ಲಿ ಅಂದ್ರ, ಅರಿವಳಿಕೆ ಅಂದ್ರ ಎರಡು ತಾಸಿನ ಕೆಲಸ ಅಂತ ತಿಳಕೊಂಡಿ. ಆತಗ ನೋವಿತ್ತು, ಅದಕ್ಕ ಕೆಮ್ಮಲಿಲ್ಲ, ಅದಕ್ಕ ಏಳಲಿಲ್ಲ, ಏಳಲಾರದ್ದಕ್ಕ ಕಾಲಾಗಿನ ರಕ್ತ ನಿಂತು ಹೆಪ್ಪಾತು. ಬೆನ್ನಾಗ ನಳಿಕಿ ಇದ್ದಿದ್ರ ಎರಡನೇ ದಿನಾ ನಡಸಬಹುದಿತ್ತು. ಸೂಜಿ ಯಾವುದು ಅನ್ನೂದಲ್ಲ, ಆ ನಾಕ ದಿನಾ ಹೆಂಗ ಕಳೀತು ನೋಡು" ಎಂದರು.

ಮರುವಾರ ಇಂಡಿಗೆ ಹೋದಾಗ ದೀಪದ ಪೆಟ್ಟಿಗೆ ಖಾಲಿಯಾಗಿತ್ತು. ಎಕ್ಸ್‌ರೇ ತೆಗೆದಿಟ್ಟಿದ್ದರು. ಸರ್ಜನ್ ಕ್ಷೌರ ಮಾಡಿಕೊಂಡಿರಲಿಲ್ಲ. "ಇದು ನಮ್ಮಂಥಾ ಊರಾಗ ಮಾಡೂ ಕೆಲಸಲ್ಲ ಮೇಡಂ. ಬಂದ್ ಮಾಡಿಬಿಡ್ತೇನಿ" ಎಂದರು. ಅಷ್ಟರಲ್ಲೇ ಕೋಲು ಊರಿಕೊಂಡು ಡ್ರೈವರ್ ಒಳಗೆ ಬಂದರು.

"ನಮಸ್ಕಾರ್ರಿ. ನಂದು ಯಾವಾಗ?"

ನಾವಿಬ್ಬರೂ ಅವರ ಮುಖ ನೋಡಿದೆವು.

"ಕಾಕಾ, ಅವರು ಹೋಗಿ ಎಂಟು ದಿನಾ ಆಗಿಲ್ಲ" ಎಂದೆ.

"ಗೊತ್ತೈತ್ರಿ. ಹೆಗಲ ಕೊಟ್ಟಾಂವ ನಾನ. ಬಾಯಾರ, ನಾ ಈಗ ಸಂಡಾಸಕ್ಕ ಕುಂದ್ರಾಕ ಆಗಂಗಿಲ್ಲ. ಮಗ ಎತ್ತಿ ಕುಂದರಸ್ತಾನ. ಇದರಾಗ ಬದುಕಿ ಏನು ಮಾಡ್ಲಿ? ಅಂವಗ ಹಂಗ್ಯಾಕಾತು ಅಂತ ನಿಮಗ ತಿಳಿದಿದ್ರ, ನನಗ ಹಂಗ ಆಗಲಾರದಂಗ ಮಾಡ್ರಿ. ತಿಳಿದಿಲ್ಲಂದ್ರ ಅದನ್ನರ ಹೇಳ್ರಿ, ಮನಿಗೆ ಹೋಗ್ತೇನಿ."

ತಿಳಿದಿತ್ತು. ಪೂರ್ತಿಯಲ್ಲ, ಆದರೆ ಸಾಕಷ್ಟು. ಅವರ ಮುಂದೆಯೇ ಸರ್ಜನ್‌ಗೆ ನನ್ನ ತೀರ್ಮಾನ ಹೇಳಿದೆ. ಬೆನ್ನಿಗೇ ಅರಿವಳಿಕೆ, ನಳಿಕೆ ಎರಡು ದಿನ ಅಲ್ಲೇ. ಮರುದಿನವೇ ಹಾಸಿಗೆಯ ಅಂಚಿಗೆ ಕೂರಿಸುವುದು, ಅದರ ಮರುದಿನ ನಡೆಸುವುದು. ಆಪರೇಷನ್ ದಿನ ಸಂಜೆಯಿಂದ ಹೆಪಾರಿನ್. ಇದಿಷ್ಟೂ ಆಗುವುದಾದರೆ ಬರುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಆ ಮೂರು ದಿನ ಬೇರೆ ಊರಿನ ಕೆಲಸ ಒಪ್ಪದೆ ದಿನಾ ಇಂಡಿಗೆ ಬರುತ್ತೇನೆ. ಸರ್ಜನ್‌ಗೆ ಮುಖ ಕೆಂಪಾಯಿತು. ಹಿರಿಯರು ಅವರು, ರೋಗಿಯ ಮುಂದೆ ನಾನು ಹಾಗೆ ಹೇಳಬಾರದಿತ್ತು. ಆದರೂ "ಹೆಪಾರಿನ್ ಎಷ್ಟ ಡೋಸು, ಬರೀರಿ" ಎಂದು ಚೀಟಿ ಮುಂದಿಟ್ಟರು.

ಹೆಪಾರಿನ್ ಮತ್ತು ಬೆನ್ನಿನ ನಳಿಕೆ ಎರಡೂ ಜೊತೆಗಿದ್ದರೆ ಬೇರೊಂದು ಅಪಾಯವಿದೆ. ರಕ್ತ ತೆಳುವಾಗಿರುವಾಗ ನಳಿಕೆ ಇರುವ ಜಾಗದಲ್ಲಿ ರಕ್ತ ಸೋರಿ ಗಡ್ಡೆಯಾಗಬಹುದು. ಅದು ನರಗಳನ್ನು ಒತ್ತಿದರೆ, ಕೆಲವೇ ತಾಸಿನಲ್ಲಿ ತೆಗೆಯದಿದ್ದರೆ, ಎರಡೂ ಕಾಲು ಶಾಶ್ವತವಾಗಿ ಹೋಗುತ್ತವೆ. ಆದ್ದರಿಂದ ದಿನಕ್ಕೆ ಒಂದೇ ಇಂಜೆಕ್ಷನ್, ಸಂಜೆ ಆರಕ್ಕೆ. ನನ್ನನ್ನು ಕೇಳದೆ ನಳಿಕೆ ಮುಟ್ಟಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಡ್ರೈವರಿನ ಬಲಗಾಲಿನ ಆಪರೇಷನ್ ದಿನ ನಾನು ಹೇಳುವ ಮೊದಲೇ ಅವರು ಬೆನ್ನು ಬಾಗಿಸಿ ಕುಳಿತರು. ಜೋಮು ಹತ್ತಿದ ಮೇಲೆ ಎಚ್ಚರವಾಗಿಯೇ ಮಲಗಿ, ಸುತ್ತಿಗೆಯ ಏಟು ಬಿದ್ದಾಗೆಲ್ಲ, "ಗ್ಯಾರೇಜಿನಾಗ ಇದ್ದಂಗೈತಲ್ರಿ" ಎನ್ನುತ್ತಿದ್ದರು. ಸಿಮೆಂಟು ಬಲಿಯಿತು. ತೊಡೆಯ ಪಟ್ಟಿ ಸಡಿಲಿಸಿದ ಮೇಲೆ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ಬಾಯಾರ, ಎದಿ ಮ್ಯಾಲ ಯಾರೋ ಕುಂತಂಗ ಆಗಾಕತ್ತೈತ್ರಿ."

ಯಂತ್ರ ನೋಡಿದೆ. ಎಲ್ಲ ಸರಿಯಿತ್ತು. ಮುಖ ನೋಡಿದೆ. ಬೆವರು. ರಕ್ತದೊತ್ತಡ ಇನ್ನೊಮ್ಮೆ ಅಳೆಯಲು ಗುಂಡಿ ಒತ್ತುತ್ತಲೇ ಆಮ್ಲಜನಕ ಹೆಚ್ಚಿಸಿದೆ, ಸಲೈನ್ ಪೂರ್ತಿ ಬಿಟ್ಟೆ. ಒತ್ತಡ ಅರ್ಧಕ್ಕಿಳಿದಿತ್ತು. ಒತ್ತಡ ಏರಿಸುವ ಔಷಧಿಯನ್ನು ಕೊಟ್ಟೆ. ಸರ್ಜನ್ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಐದಾರು ನಿಮಿಷಕ್ಕೆ ಒತ್ತಡ ಏರಿತು.

"ಹ್ಞಾಂ, ಎದ್ದ ಹೋದ ನೋಡ್ರಿ" ಎಂದರು ಡ್ರೈವರ್.

ಸಿಮೆಂಟು ಹಾಕಿದ ಮೇಲೆ, ಪಟ್ಟಿ ಬಿಟ್ಟಾಗ, ಎಲುಬಿನೊಳಗಿನ ಕೊಬ್ಬಿನ ಚೂರುಗಳು ರಕ್ತದಲ್ಲಿ ಮೇಲೇರಿ ಹೀಗಾಗುವುದುಂಟು. ಅವರು ನಿದ್ರೆಯಲ್ಲಿದ್ದಿದ್ದರೆ ಯಂತ್ರ ಹೇಳುವವರೆಗೆ ನನಗೆ ಗೊತ್ತಾಗುತ್ತಿರಲಿಲ್ಲ. ಅವತ್ತು ಸಂಜೆ ಹೆಪಾರಿನ್ ಕೊಡುವುದನ್ನು ನೋಡಿಕೊಂಡೇ ಕೊನೆಯ ಬಸ್ಸು ಹಿಡಿದೆ. ಮರುದಿನ ಅವರು ಹಾಸಿಗೆಯ ಅಂಚಿಗೆ ಕುಳಿತು ಚಹಾ ಕುಡಿದರು, ಕೆಮ್ಮು ಎಂದರೆ ಜೋರಾಗಿ ಕೆಮ್ಮಿ ತೋರಿಸಿದರು. ಗೆದ್ದೆವು ಎಂದುಕೊಂಡೆ.

ಮೂರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಹೋದಾಗ ಸಿಸ್ಟರ್, "ಕಾಕಾಗ ಒಂಚೂರೂ ನೋವಿಲ್ರಿ ಮೇಡಂ" ಎಂದಳು. ಅವತ್ತು ನಡೆಸುವ ದಿನ. "ಕಾಕಾ, ಬೆರಳು ಅಳ್ಳಾಡಸ್ರಿ" ಎಂದೆ.

ಅಲ್ಲಾಡಲಿಲ್ಲ.

"ಎಡಗಾಲಿಂದು ಅಳ್ಳಾಡಸ್ರಿ." ಅದು ಆಪರೇಷನ್ ಆಗದ ಕಾಲು. ಅದೂ ಅಲ್ಲಾಡಲಿಲ್ಲ.

"ಅಳ್ಳಾಡಸಾಕತ್ತೇನಲ್ರಿ" ಎಂದರು ಡ್ರೈವರ್. ಅವರಿಗೆ ಅಲ್ಲಾಡಿಸುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ಹೊದಿಕೆ ಸರಿಸಿ ಸೂಜಿಯಿಂದ ಚುಚ್ಚುತ್ತ ಹೋದೆ. ಪಾದ, ಮೀನಖಂಡ, ತೊಡೆ, ಎಲ್ಲೂ ಅರಿವಿರಲಿಲ್ಲ. ಚಾರ್ಟು ತೆಗೆದೆ. ನಿನ್ನೆ ಸಂಜೆಯ ಹೆಪಾರಿನ್ ಕಾಲಂ ಖಾಲಿಯಿತ್ತು, ಇವತ್ತು ಬೆಳಗ್ಗೆ ಆರಕ್ಕೆ ಕೊಟ್ಟಿದ್ದೆಂದು ಬರೆದಿತ್ತು.

"ನಿನ್ನಿ ಸಂಜಿ ಕೊಟ್ಟಿಲ್ಲೇನು?"

"ಸಂಜಿ ಡ್ಯೂಟಿಯವರು ಕೊಟ್ಟಿದ್ರಂತ್ರೀ… ಬರಿಯೂದು ಬಿಟ್ಟಿದ್ರಂತ" ಎಂದು ಸಿಸ್ಟರ್ ಬಿಳಿಚಿಕೊಂಡಳು. "ಖಾಲಿ ಕಂಡು ನಾ ಮುಂಜಾನೆ ಮತ್ತ ಕೊಟ್ಟೇನ್ರಿ."

ಹನ್ನೆರಡು ತಾಸಿನಲ್ಲಿ ಎರಡು ಡೋಸು. ಬೆನ್ನಿನಲ್ಲಿ ರಕ್ತ ಸೋರಿದೆಯೇ? ಆಮೇಲೆ ಬೆನ್ನಿನ ನಳಿಕೆಗೆ ನೋವಿನ ಔಷಧಿ ಹರಿಸುವ ಬಾಟಲಿ ನೋಡಿದೆ. ಮಧ್ಯಾಹ್ನದವರೆಗೆ ಬರಬೇಕಾಗಿದ್ದ ಬಾಟಲಿ ಆಗಲೇ ಬರಿದಾಗಿತ್ತು. ಬೆಳಗ್ಗೆ ಹಾಸಿಗೆಯ ಬಟ್ಟೆ ಬದಲಿಸುವಾಗ ಹನಿ ತಿರುಗಿಸುವ ಗಾಲಿ ಸರಿದು ಔಷಧಿ ಜೋರಾಗಿ ಹರಿದಿತ್ತು. ಹಾಗಾದರೆ ಇದು ಹೆಚ್ಚಾದ ಔಷಧಿಯ ಜೋಮೋ, ರಕ್ತದ ಗಡ್ಡೆಯೋ? ಎರಡೂ ಒಂದೇ ರೀತಿ ಕಾಣುತ್ತವೆ.

"ಕಾಕಾ, ಬೆನ್ನಾಗ ಬ್ಯಾನಿ ಐತೇನ್ರಿ?"

"ಅದು ಸ್ಟೇರಿಂಗ್ ಹಿಡದಾಗಿಂದ ಐತ್ರಿ."

ಕಂಡುಹಿಡಿಯುವ ಸ್ಕ್ಯಾನು ಹತ್ತಿರವೆಂದರೆ ಸೊಲ್ಲಾಪುರದಲ್ಲಿ. ಈಗಲೇ ಜೀಪಿನಲ್ಲಿ ಹಾಕಿಕೊಂಡು ಹೋಗುವುದೇ? ಹೊಸ ಕೀಲು, ಎರಡು ಡೋಸು ಹೆಪಾರಿನ್, ಆ ರಸ್ತೆ. ಸುಮ್ಮನೆ ಕಾಯುವುದೇ? ಗಡ್ಡೆಯಾಗಿದ್ದರೆ ಕಾದ ಒಂದೊಂದು ತಾಸೂ ಕಾಲಿನ ಬೆಲೆಯದು. ನಳಿಕೆ ಕಿತ್ತುಹಾಕಬೇಕೆಂದು ಕೈ ಮುಂದೆ ಹೋಯಿತು. ರಕ್ತ ತೆಳುವಾಗಿರುವಾಗ ಕಿತ್ತರೆ ಇಲ್ಲಿಯವರೆಗೆ ಸೋರದ ರಕ್ತವೂ ಸೋರೀತು ಎಂದು ಹಿಂದೆ ತಂದೆ. ಹೊಸ ಬಾಟಲಿ ಮಾತ್ರ ಹಚ್ಚದಂತೆ ಹೇಳಿದೆ. ಸರ್ಜನ್‌ರನ್ನು ಕರೆಸಿ ಎಲ್ಲ ಹೇಳಿದೆ. ಹನ್ನೆರಡು ಗಂಟೆಯವರೆಗೆ ನೋಡುವುದು. ಅಷ್ಟರಲ್ಲಿ ಒಂದು ಬೆರಳಾದರೂ ಅಲ್ಲಾಡಿದರೆ ಔಷಧಿಯ ಜೋಮು. ಇಲ್ಲದಿದ್ದರೆ ಸೊಲ್ಲಾಪುರ. ಸರ್ಜನ್ ಅಲ್ಲಿಯ ಆಸ್ಪತ್ರೆಗೆ ಫೋನು ಮಾಡಿ ಟೇಬಲ್ ಹಿಡಿದಿಟ್ಟರು, ಜೀಪನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ತಪ್ಪು ಯಾರದೆಂದು ಒಂದು ಮಾತೂ ಆಡಲಿಲ್ಲ.

ನಾನು ಡ್ರೈವರಿಗೆ ನಿಜ ಹೇಳಿದೆ. ಕಾಲು ಹೋಗುವ ಸಾಧ್ಯತೆ ಇದೆ ಎಂದೂ ಹೇಳಿದೆ. ಅವರು ಸೂರು ನೋಡುತ್ತ ಕೇಳಿಸಿಕೊಂಡರು.

"ನಾನ ಬಂದು ಮಾಡ್ರಿ ಅಂದಿದ್ನಲ್ರಿ" ಎಂದರು.

ಒಂಬತ್ತೂವರೆ, ಇಲ್ಲ. ಹತ್ತು, ಇಲ್ಲ. ಹತ್ತೂವರೆಗೆ ತೊಡೆಯ ಮೇಲ್ಭಾಗದಲ್ಲಿ ಚುಚ್ಚಿದಾಗ, "ಏನೋ ಮುಟ್ಟಿದಂಗಾತು" ಎಂದರು, ಇನ್ನೊಮ್ಮೆ ಚುಚ್ಚಿದರೆ ಗೊತ್ತಾಗಲಿಲ್ಲ. ಹನ್ನೊಂದಕ್ಕೆ ತೊಡೆಯ ಅರ್ಧದವರೆಗೆ ಅರಿವು ಬಂದಿತ್ತು, ಬೆರಳು ಇಲ್ಲ. ಸಿಸ್ಟರ್ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಹನ್ನೊಂದೂವರೆ, ಇಲ್ಲ. ಸರ್ಜನ್ ಎದ್ದು ಜೀಪಿನವನಿಗೆ ಸ್ಟ್ರೆಚರ್ ತರಲು ಹೇಳಿದರು. ನಾನು ಕಾಲ ಬುಡದಲ್ಲಿ ಕೂತು ಎರಡೂ ಹೆಬ್ಬೆರಳುಗಳನ್ನು ನೋಡುತ್ತಿದ್ದೆ. ಸ್ಟ್ರೆಚರ್ ಬಾಗಿಲಿಗೆ ತಗುಲಿದ ಸದ್ದಾಯಿತು. ಎಡ ಹೆಬ್ಬೆರಳು ಮಿಡುಕಿತು. ನಾನು ಕಲ್ಪಿಸಿಕೊಂಡೆನೇನೋ ಎಂದು, "ಮತ್ತೊಮ್ಮೆ ಮಾಡ್ರಿ" ಎಂದು ಕೂಗಿದೆ. ಇಡೀ ಪಾದ ಕೆಳಗೆ ಬಾಗಿತು.

"ಕ್ಲಚ್ ಹಿಡೀತು ನೋಡ್ರಿ" ಎಂದರು ಡ್ರೈವರ್. ಅವರ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

ಆ ದಿನದ ಹೆಪಾರಿನ್ ಬಿಟ್ಟೆವು. ಬೆಳಗಿನ ಡೋಸಿನ ಪ್ರಭಾವ ಇಳಿಯಲೆಂದು ಸಂಜೆ ಆರು ದಾಟಿದ ಮೇಲೂ ಇನ್ನೆರಡು ತಾಸು ಕಾದು ನಳಿಕೆ ತೆಗೆದೆ. ಮರುದಿನ ಅವರು ಚೌಕಟ್ಟು ಹಿಡಿದು ಕಾರಿಡಾರಿನ ಉದ್ದಕ್ಕೂ ನಡೆದರು. ಹತ್ತನೆಯ ದಿನ ಮನೆಗೆ ಹೋದರು. ಅಲ್ಲಿಂದ ಮುಂದೆ ಇಂಜೆಕ್ಷನ್ ಕೊಟ್ಟವರೇ ಬರೆಯುವುದು, ಖಾಲಿ ಕಂಡರೆ ಕೊಡದೆ ನನಗೆ ಫೋನು ಮಾಡುವುದು ಎಂದು ಗೋಡೆಯ ಕಾಗದದಲ್ಲಿ ಸೇರಿಸಿದೆ. ಪೂರ್ತಿ ನಿದ್ರೆಯಾದರೆ ಒಂದು ಅಪಾಯ, ಬೆನ್ನಿಗಾದರೆ ಇನ್ನೊಂದು. ಎರಡನೆಯದನ್ನು ಕಾವಲು ಕಾಯಬಹುದು ಎಂಬುದಷ್ಟೇ ನನಗೆ ಗೊತ್ತಾದದ್ದು.

ಹೊರಡುವ ಮುಂಚೆ ಡ್ರೈವರ್, "ತಾಂಬಾ ಊರಿಗೆ ಹೋಗಿ ಕಂಡಕ್ಟರನ ಮನಿಯಾಕಿನ್ನ ಒಂದ್ಸಲ ಮಾತಾಡಿಸಿ ಬರ್ರಿ. ಆಕಿ ಯಾರ ಕೂಡಾನೂ ಮಾತಾಡವಲ್ಲಳು" ಎಂದರು. ಹೋಗಲು ನನಗೆ ಧೈರ್ಯವಿರಲಿಲ್ಲ. ಆದರೂ ಮರುವಾರ ಹೋದೆ.

ಕಂಡಕ್ಟರ್ ಕಾಕಾನ ಹೆಂಡತಿ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ ನೀರು ಕೊಟ್ಟರು. ಬೈಯುತ್ತಾರೆ ಎಂದುಕೊಂಡೇ ಹೋಗಿದ್ದೆ. ಕೇಳಿಸಿಕೊಳ್ಳಬೇಕೆಂದೂ ನಿಶ್ಚಯಿಸಿದ್ದೆ. "ಅವ್ವಾರ, ಅವತ್ತ ನಾ ಅವರ ಮಾತು ಕೇಳಿ ಪೂರಾ ಮಲಗಿಸಬಾರದಿತ್ತು. ನಂದ ತಪ್ಪು" ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು.

"ನಿಮ್ಮದಲ್ರಿ. ನಂದು. ಆವತ್ತ ಮುಂಜಾನೆ ನನ್ನ ಮ್ಯಾಲ ಆಣಿ ಮಾಡಿಸಿಕೊಂಡು ಕಳಿಸೀನ್ರಿ, ಬೆನ್ನಿಗೆ ಸೂಜಿ ಹಾಕಿಸಿಕೋಬ್ಯಾಡಂತ. ಇಲ್ಲಂದ್ರ ನೀವು ಹೇಳಿದ್ದ ಅವರು ಎಂದೂ ತಗದ ಹಾಕ್ತಿರಲಿಲ್ಲ. ನಾನ ಕೊಂದೇನ್ರಿ."

ಒಂದು ತಿಂಗಳ ಮೇಲಿಂದ ಈ ಹೆಂಗಸು ಇದನ್ನು ಒಳಗಿಟ್ಟುಕೊಂಡು ಕುಳಿತಿದ್ದರು.

"ಯಾಕ ಆಣಿ ಮಾಡಿಸಿದ್ರಿ?" ಎಂದು ಕೇಳಿದೆ.

"ನನ್ನ ಮಗಳಿಗೆ ಹಡಿಯೂ ಮುಂದ ಹೊಟ್ಟಿ ಕೊಯ್ದಿದ್ರು. ಬೆನ್ನಿಗೆ ಸೂಜಿ ಹಾಕಿದ್ರು. ಅವತ್ತಿನಿಂದ ಆಕಿ ಬೆನ್ನು ಎತ್ತಿಲ್ರಿ. ಕೊಡ ಹೊರಂಗಿಲ್ಲ, ಕೂಸು ಎತ್ತಂಗಿಲ್ಲ. ಆರು ವರ್ಷ ಆತು."

"ಯಾವ ಊರಾಗ?"

"ಮುದ್ದೇಬಿಹಾಳದಾಗ್ರಿ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆರು ವರ್ಷದ ಹಿಂದೆ ಮುದ್ದೇಬಿಹಾಳದಲ್ಲಿ ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕುತ್ತಿದ್ದವಳು ನಾನೊಬ್ಬಳೇ. ಹಾಕಿ, ಕೂಸು ಅತ್ತಿತೆಂದರೆ ಚೀಲ ತೆಗೆದುಕೊಂಡು ಮುಂದಿನ ಬಸ್ಸು ಹಿಡಿಯುತ್ತಿದ್ದೆ. ಮರುದಿನ ಹೋಗಿ ಬೆನ್ನು ಹೇಗಿದೆ ಎಂದು ಯಾರನ್ನೂ ಕೇಳಿದವಳಲ್ಲ. ಇಷ್ಟು ವರ್ಷದ ನೋವು ಸೂಜಿಯಿಂದ ಬರುವುದು ಅಪರೂಪ. ಬಸುರು, ಬಾಣಂತನ, ಹೊಲದ ಕೆಲಸ, ಏನೆಲ್ಲ ಕಾರಣವಿರಬಹುದು. ಆದರೆ ಅದನ್ನು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿರಲಿಲ್ಲ.

"ಅವ್ವಾರ, ಅದು ನಾನ" ಎಂದೆ. "ಆ ಸೂಜಿ ಹಾಕಿದಾಕಿ ನಾನ."

ಅವರು ಬಾಯಿಗೆ ಸೆರಗು ಹಿಡಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು.

"ಮಗಳೇನ್ರಿ?"

"ಹೂಂ. ಸಮಾಧಾನಕ್ಕಂತ ಬಂದಾಳ. ನಾಕ ರೊಟ್ಟಿಗೊಮ್ಮಿ ಗ್ವಾಡಿಗೆ ಬೆನ್ನು ಹಚ್ಚಿ ಕುಂದರತಾಳ."

ಅಡುಗೆಮನೆಗೆ ಹೋದೆ. ಹಿಟ್ಟಿನ ಕೈಯಲ್ಲಿ ಗೋಡೆಗೆ ಒರಗಿ ಕುಳಿತಿದ್ದವಳು ಎದ್ದೇಳಲು ನೋಡಿದಳು. ಬೇಡವೆಂದು ಕೈ ಮಾಡಿ ಅವಳ ಪಕ್ಕ ನೆಲದ ಮೇಲೆ ಕುಳಿತೆ.

"ಎಲ್ಲಿ ನೋಯ್ತೈತಿ ತೋರಸವಾ" ಎಂದೆ.

ಅವಳು ನನ್ನತ್ತ ಬೆನ್ನು ತಿರುಗಿಸಿದಳು.